ಯಾರಪ್ಪಾ ಈ ಹೊಸ ಕೋಚು? ಕಂಠೀರವದಲ್ಲಿ ಎರಡು ಪಂಗಡ

ಆಲ್ಬರ್ಟ್ ರೋಕಾ. 2016ರ ಜುಲೈ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದವರು ತಮ್ಮ ಹೊಸ ಕೋಚ್ ಎಂದು ಈ ಹೆಸರನ್ನು ಪ್ರಕಟಿಸಿದಾಗ ಊರಿನ ಅಭಿಮಾನಿಗಳಲ್ಲಿ ಬಹಳ ಮಂದಿಯ ಬಾಯಿಗೆ ಮೊದಲು ಬಂದ ಮಾತು ಒಂದೇ: ಯಾರಪ್ಪಾ ಇವರು?

ಆಟಗಾರರಾಗಿ ಲೋಕಕ್ಕೆ ಗೊತ್ತಾದವರಲ್ಲ. ಟಿ.ವಿ.ಯಲ್ಲಿ ಮುಖ ಕಂಡ ನೆನಪೂ ಹೆಚ್ಚಿನವರಿಗಿಲ್ಲ. ಸ್ಪೇನಿನವರಂತೆ. ಬಾರ್ಸಿಲೋನಾದಲ್ಲಿ ಇದ್ದವರಂತೆ. ಇದ್ದರು ಅಂದರೆ ಏನಾಗಿ? ಅಲ್ಲಿನ ಮುಖ್ಯ ಕೋಚ್ ಆಗಿದ್ದ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರ ಬಳಗದಲ್ಲಿ. ಆಮೇಲೆ? ರೈಕಾರ್ಡ್ ಹೋದ ಕಡೆಗೆ ಇವರೂ ಹೋದರು. ಟರ್ಕಿಯ ಗಲಾತಸರಾಯ್, ಅಲ್ಲಿಂದ ಸೌದಿ ಅರೇಬಿಯಾದ ರಾಷ್ಟ್ರೀಯ ತಂಡ. ಸ್ವಂತ ಜವಾಬ್ದಾರಿ? ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದ ತಂಡ.

ಅಷ್ಟು ಸಾಕಾಯಿತು, ಗ್ಯಾಲರಿ ಎರಡು ಹೋಳಾಯಿತು.

ಒಂದು ಪಂಗಡ ಬಾರ್ಸಿಲೋನಾ ಎಂಬ ಒಂದೇ ಪದಕ್ಕೆ ತಲೆದೂಗಿತು. ರೊನಾಲ್ಡಿನ್ಹೋ, ಎಳೆಯ ಮೆಸ್ಸಿ ಇವರೆಲ್ಲ ಆಡಿದ ತಂಡ, 2006ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದ ತಂಡ. ಅದನ್ನು ಒಳಗಿನಿಂದ ನೋಡಿದವರು ನಮ್ಮ ಊರಿಗೆ ಬರುತ್ತಾರೆಂದರೆ ಸಾಮಾನ್ಯವೇ ಎಂದಿತು. ಇನ್ನೊಂದು ಪಂಗಡ ಮುಖ ಸಿಂಡರಿಸಿತು. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೈಗೂಡಿಸಿದವರೆಲ್ಲ ಹೋಟೆಲು ನಡೆಸುತ್ತಾರೇನ್ರೀ, ಗೆಲ್ಲುತ್ತಿದ್ದ ತಂಡವನ್ನು ಯಾಕೆ ಕೆದಕಬೇಕಿತ್ತು, ಇದು ಅವರ ವಾದ.

ಈ ಸಿಡುಕಿಗೆ ಕಾರಣವಿತ್ತು. ಖಾಲಿಯಾದ ಕುರ್ಚಿ ಯಾರದೆಂದು ನೋಡಿದರೆ ಅರ್ಥವಾಗುತ್ತದೆ. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಆ ಬೇಸಿಗೆಯಲ್ಲಷ್ಟೇ ತಂಡ ಬಿಟ್ಟಿದ್ದರು. ಮೂರು ವರ್ಷ, ಮೂರು ಕಪ್. ಎರಡು ಸಲ ಐ-ಲೀಗ್, ಒಂದು ಸಲ ಫೆಡರೇಷನ್ ಕಪ್. ಅಂಥವರು ಎದ್ದುಹೋದ ಜಾಗಕ್ಕೆ ಹೆಸರು ಕೇಳರಿಯದವರು ಬಂದರೆ ಜನ ಸುಮ್ಮನಿರುತ್ತಾರೆಯೇ? ಬೀದಿಯ ಮೂಲೆಯ ಕಿರಾಣಿ ಅಂಗಡಿಯಲ್ಲಿ ಗಲ್ಲಾದ ಮೇಲೆ ಹೊಸ ಮುಖ ಕೂತರೂ ಹಳೇ ಗಿರಾಕಿ ಚಿಲ್ಲರೆಯನ್ನು ಎರಡು ಸಲ ಎಣಿಸಿಕೊಳ್ಳುತ್ತಾನೆ.

ಆದರೆ ಮಜಾ ಇರುವುದು ಇಲ್ಲಿ. ಈ ವೆಸ್ಟ್‌ವುಡ್ ಸಾಹೇಬರು ಬಂದ ದಿನ ಅವರೂ ಅನಾಮಿಕರೇ ಆಗಿದ್ದರು!

ಆ ದಿನ ಕೇಳಿದ್ದೂ ಇದೇ

2013ರ ಜುಲೈ. ಜೆ.ಎಸ್.ಡಬ್ಲ್ಯು. ಉಕ್ಕಿನ ಕಂಪೆನಿಯವರು ಬೆಂಗಳೂರಿನಲ್ಲಿ ಹೊಸ ಫುಟ್‌ಬಾಲ್ ಕ್ಲಬ್ ತೆರೆದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ಕ್ಲಬ್ಬಿಗೆ ಕೆಳಗಿನ ಮೆಟ್ಟಿಲು ಹತ್ತುವ ಗೋಜಿಲ್ಲದೆ ಐ-ಲೀಗಿಗೆ ನೇರ ಪ್ರವೇಶ ಕೊಟ್ಟಿತ್ತು. ದುಡ್ಡಿದ್ದವರಿಗೆ ಮುಂಬಾಗಿಲು ಎಂದು ಗೊಣಗಿದವರು ಇದ್ದರು. ಅಂಥ ಕ್ಲಬ್ಬಿಗೆ ಮೊದಲ ಮ್ಯಾನೇಜರ್ ವೆಸ್ಟ್‌ವುಡ್. ಮ್ಯಾನೇಜರ್ ಅಂದರೆ ಬ್ಯಾಂಕಿನ ಮ್ಯಾನೇಜರ್ ಅಲ್ಲ ಮತ್ತೆ. ಇಂಗ್ಲೆಂಡಿನವರು ಫುಟ್‌ಬಾಲ್ ಕೋಚಿಗೆ ಹಾಗೆ ಕರೆಯುತ್ತಾರೆ. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು, ಎಲ್ಲ ಅವರದೇ ತೀರ್ಮಾನ.

ಆಗ ಅವರಿಗೆ ವಯಸ್ಸು 36. ಹುಡುಗನಾಗಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಕಲಿತವರು, ಆದರೆ ಅಲ್ಲಿನ ಮೊದಲ ತಂಡಕ್ಕೆ ಆಡಿದವರಲ್ಲ. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್ ಹೀಗೆ ಊರೂರು ಸುತ್ತಿ ಆಡಿದ ಡಿಫೆಂಡರ್. ಕೋಚಿಂಗಿನಲ್ಲಿ ಮೈಕೆಲ್ ಆಪಲ್ಟನ್ ಎಂಬುವರ ಸಹಾಯಕ. ಆ ಆಪಲ್ಟನ್ ಅವರನ್ನು ಬ್ಲ್ಯಾಕ್‌ಬರ್ನ್ ಕ್ಲಬ್ಬಿನವರು 2013ರ ಮಾರ್ಚಿನಲ್ಲಿ 67 ದಿನಕ್ಕೇ ಮನೆಗೆ ಕಳಿಸಿದ್ದರು. ಮುಖ್ಯ ಕೋಚ್ ಹೋದ ಮೇಲೆ ಸಹಾಯಕನೂ ಪೆಟ್ಟಿಗೆ ಕಟ್ಟಬೇಕಲ್ಲ. ಹಾಗೆ ಕೆಲಸ ಕಳೆದುಕೊಂಡ ನಾಲ್ಕು ತಿಂಗಳಿಗೆ ಬೆಂಗಳೂರಿಗೆ ಬಂದಿಳಿದರು. ವಾರಾಂತ್ಯದ ರಾತ್ರಿ ನಿದ್ದೆಗೆಟ್ಟು ಇಂಗ್ಲಿಷ್ ಲೀಗ್ ನೋಡುವ ಹುಡುಗರಿಗೂ ಈ ಹೆಸರು ಹೊಸದು. ಅಲ್ಲಿ ನಡೆಯದವರಿಗೆ ಇಲ್ಲಿ ದರ್ಬಾರು ಎಂದು ನಕ್ಕರೆ ತಪ್ಪು ಹೇಳುವಂತಿರಲಿಲ್ಲ.

ಹಲಸೂರಿನ ಲೆಕ್ಕ ಬೇರೆ

ಇಂಗ್ಲಿಷ್ ಲೀಗ್ ನೋಡಿ ಬೆಳೆದ ಹುಡುಗರ ಅನುಮಾನ ಇಷ್ಟೇ: ಇವರು ಹಿಂದೆ ಏನು ಗೆದ್ದಿದ್ದಾರೆ? ಬೆಂಗಳೂರಿನ ಹಳೇ ಫುಟ್‌ಬಾಲ್ ಬೀದಿಗಳ ಅನುಮಾನ ಇದಕ್ಕಿಂತ ಆಳದ್ದು.

ದಂಡು ಪ್ರದೇಶ ಬಲ್ಲವರಿಗೆ ಹೇಳಬೇಕಾಗಿಲ್ಲ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್. ಕ್ರಿಕೆಟ್ಟಿನ ಈ ಊರಿನಲ್ಲಿ ಕಾಲ್ಚೆಂಡನ್ನೇ ನಂಬಿದ ಕೇರಿಗಳು ಇವು. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯದ್ದೇ ಪ್ರತಿಮೆ ನಿಲ್ಲಿಸಿದ್ದಾರೆ, ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಸಾಲಿನಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಗೋಲು ಹೊಡೆದ ಶಾರಂಗಪಾಣಿ ರಾಮನ್ ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಅಭಿಮಾನಿಗಳು ಪಂಚ ಪಾಂಡವರು ಎಂದು ಕೊಂಡಾಡಿದ ಐವರಲ್ಲಿ ಅಹಮದ್ ಖಾನ್ ನಮ್ಮವರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ. ರಾಜ್ಯ ತಂಡ ಮೈಸೂರು ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ತಂದಿತ್ತು, ಕೊನೆಯದು 1968-69ರಲ್ಲಿ.

ಆ ಕಾಲದ ಫುಟ್‌ಬಾಲಿಗೆ ಅನ್ನ ಹಾಕಿದ್ದು ಕಾರ್ಖಾನೆಗಳು. ಐ.ಟಿ.ಐ., ಎಚ್.ಎ.ಎಲ್., ಜತೆಗೆ ಸೇನೆಯ ಎಂ.ಇ.ಜಿ. ಕಾಲಲ್ಲಿ ಆಟವಿದ್ದರೆ ಹುಡುಗನಿಗೆ ಕಂಪೆನಿಯಲ್ಲಿ ಕೆಲಸ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ತಿಂಗಳ ಕೊನೆಗೆ ಸಂಬಳ, ಮುಪ್ಪಿಗೆ ಪಿಂಚಣಿ. ಕೋಚ್ ಅಂದರೆ ಅಲ್ಲಿಯೇ ಆಡಿ, ಅಲ್ಲಿಯೇ ದುಡಿದು, ಅದೇ ಬೀದಿಯಲ್ಲಿ ಹಾಲು ತರಲು ಹೋಗುವವರು. ಅವರ ಹೆಸರು ಯಾರಿಗೂ ಕೇಳಬೇಕಾಗಿರಲಿಲ್ಲ. ತಂಡ ಸೋತರೆ ಟೀ ಅಂಗಡಿಯ ಮುಂದೆಯೇ ನಿಲ್ಲಿಸಿ ವಿಚಾರಣೆ ನಡೆಸಬಹುದಿತ್ತು. ಕಾರ್ಖಾನೆಗಳು ನೇಮಕ ಕಡಿಮೆ ಮಾಡಿದಂತೆ ಆಟವೂ ಸೊರಗಿತು. ಎಚ್.ಎ.ಎಲ್. ತಂಡ 2011-12ರ ಋತುವಿನಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಅದಾದ ಮರುವರ್ಷವೇ ಕಂಪೆನಿ ಕ್ಲಬ್ಬು ಬಂತು, ಫಾರಿನ್ ಮ್ಯಾನೇಜರ್ ಬಂದರು.

ಆದ್ದರಿಂದ ಹಳಬರು "ಯಾರಪ್ಪಾ ಇವರು" ಎಂದು ಕೇಳಿದರೆ ಅದರ ಒಳಗಿದ್ದ ಪ್ರಶ್ನೆ ಇದು: ಇವರಿಗೆ ನಮ್ಮ ಹುಡುಗರು ಯಾರೆಂದು ಗೊತ್ತೇ? ಹೆಸರೇ ಕೇಳದ ಪರದೇಶದವರು ನಮ್ಮ ಗಲ್ಲಿಯ ಹುಡುಗನನ್ನು ಹುಡುಕಿ ತಂಡಕ್ಕೆ ಹಾಕಿಕೊಳ್ಳುತ್ತಾರೆಯೇ, ಇಲ್ಲಾ ಈಶಾನ್ಯದಿಂದ, ಗೋವೆಯಿಂದ, ಕಲ್ಕತ್ತೆಯಿಂದ ಕರೆತಂದು ನಮಗೆ ಟಿಕೆಟ್ಟು ಮಾರುತ್ತಾರೆಯೇ?

ಮೊದಲ ವರ್ಷದ ತಂಡದಲ್ಲಿ ಬೆಂಗಳೂರಿನ ಹುಡುಗ ಶಂಕರ್ ಸಂಪಂಗಿರಾಜ್ ಇದ್ದರು. ಉಳಿದ ಹೆಚ್ಚಿನವರು ಹೊರಗಿನವರೇ. ನಾಯಕ ಸುನಿಲ್ ಛೆಟ್ರಿ, ರಾಬಿನ್ ಸಿಂಗ್, ಇಂಗ್ಲೆಂಡಿನ ಜಾನ್ ಜಾನ್ಸನ್, ಕೆನ್ಯಾದ ಕರ್ಟಿಸ್ ಒಸಾನೊ.

ಫಲಿತಾಂಶ ಮಾತ್ರ ಎಲ್ಲರ ಬಾಯಿ ಮುಚ್ಚಿಸಿತು. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಮೋಹನ್ ಬಗಾನ್ ಎದುರು 1-1 ಡ್ರಾದಿಂದ ಶುರುವಾದ ಯಾತ್ರೆ, 2014ರ ಏಪ್ರಿಲ್ 21ರಂದು ಗೋವೆಯಲ್ಲಿ ಡೆಂಪೊ ತಂಡವನ್ನು 4-2ರಿಂದ ಮಣಿಸಿ ಐ-ಲೀಗ್ ಕಪ್ ಎತ್ತುವಲ್ಲಿಗೆ ಮುಟ್ಟಿತು. ಹುಟ್ಟಿ ವರ್ಷ ತುಂಬದ ಕೂಸು ದೇಶದ ಚಾಂಪಿಯನ್. ಪಶ್ಚಿಮದ ಗ್ಯಾಲರಿಯಲ್ಲಿ ಹುಟ್ಟಿಕೊಂಡ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗಕ್ಕೆ ವೆಸ್ಟ್‌ವುಡ್ ಮನೆಯವರಾದರು.

ಮರುವರ್ಷ ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಓಟದ ಟ್ರ್ಯಾಕ್ ಅಡ್ಡ ಇರುವುದರಿಂದ ಪ್ರೇಕ್ಷಕರಿಗೂ ಗೋಲಿಗೂ ಅರ್ಧ ಫರ್ಲಾಂಗು ದೂರವಿದ್ದಂತೆ ಕಾಣುತ್ತದೆ. ಆ ಮಾತು ಬೇರೆ. 2015ರ ಮೇ 31ರ ರಾತ್ರಿ ಅಲ್ಲಿದ್ದವರು ಅದನ್ನು ಸುಲಭಕ್ಕೆ ಮರೆಯಲಾರರು. ಐ-ಲೀಗಿನ ಕೊನೆಯ ಪಂದ್ಯ, ಎದುರು ಮೋಹನ್ ಬಗಾನ್. ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. 41ನೇ ನಿಮಿಷದಲ್ಲಿ ಜಾನ್ಸನ್ ಗೋಲು. ಮುಕ್ಕಾಲು ಗಂಟೆ ಜನ ಉಸಿರು ಬಿಗಿಹಿಡಿದು ಕೂತರು. 87ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಬಗಾನಿನ ಬೆಲ್ಲೊ ರಜಾಕ್ ತಲೆಕೊಟ್ಟರು. 1-1. ಕಪ್ ಕಲ್ಕತ್ತೆಗೆ ಹೋಯಿತು. 2016ರ ಏಪ್ರಿಲಿನಲ್ಲಿ ಅದನ್ನು ಮರಳಿ ತಂದರು. ಮರಳಿ ತಂದವರೇ ಎರಡು ತಿಂಗಳಲ್ಲಿ ಇಲ್ಲ!

ಕಾಲಲ್ಲೇ ಚೆಂಡು, ಕೈಯಲ್ಲಿ ಜೀವ

ಈಗ ರೋಕಾ ವಿಷಯಕ್ಕೆ ಬರೋಣ. ವೆಸ್ಟ್‌ವುಡ್ ಆಟ ಯಾರಿಗೂ ಅರ್ಥವಾಗುವಂಥದು. ಬಲವಾದ ಡಿಫೆನ್ಸ್, ಎತ್ತರದ ಆಳುಗಳು, ಫ್ರೀ ಕಿಕ್, ಕಾರ್ನರುಗಳಲ್ಲಿ ಎದುರಾಳಿಗೆ ಭಯ. ರೋಕಾ ಶಾಲೆಯೇ ಬೇರೆ. ಗೋಲ್‌ಕೀಪರ್ ಚೆಂಡನ್ನು ಎತ್ತಿ ಒದೆಯುವುದು ಬೇಡ, ಪಕ್ಕದವನಿಗೆ ಕೊಡಲಿ, ಅವನು ಇನ್ನೊಬ್ಬನಿಗೆ ಕೊಡಲಿ, ಹೀಗೆ ಕೈದಾಟಿಸುತ್ತಾ ಮೇಲೆ ಹೋಗಬೇಕು. ಸ್ಪೇನಿನ ಪದ್ಧತಿ. ನೋಡಲು ಸೊಗಸು. ಆದರೆ ಸ್ವಂತ ಗೋಲಿನ ಮುಂದೆಯೇ ಚೆಂಡು ಕಳೆದುಕೊಂಡರೆ? "ಒದೆಯೋ ಮಾರಾಯ, ಒದೆಯೋ!" ಎಂದು ಕೂಗುವ ಜನಕ್ಕೆ ಇದು ಹೊಟ್ಟೆ ಕಿವುಚುವ ಆಟ.

ಅದೂ ಅಲ್ಲದೆ ಅವರಿಗೆ ಮೊದಲ ಪರೀಕ್ಷೆಯೇ ದೊಡ್ಡದು. ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಕ್ವಾರ್ಟರ್ ಫೈನಲ್. ಅಲ್ಲಿಯವರೆಗೆ ತಂಡವನ್ನು ತಂದು ನಿಲ್ಲಿಸಿದವರು ವೆಸ್ಟ್‌ವುಡ್. ಗೆದ್ದರೆ ಹಳಬರ ಪುಣ್ಯ, ಸೋತರೆ ಹೊಸಬರ ತಪ್ಪು. ಅಂಥ ಕುರ್ಚಿ ಯಾರಿಗೂ ಬೇಡ.

ಸೆಪ್ಟೆಂಬರ್ 14ರಂದು ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ತಂಡದ ಮೇಲೆ ಕಂಠೀರವದಲ್ಲಿ 1-0 ಗೆಲುವು, ಗೋಲು ಸಿ.ಕೆ. ವಿನೀತ್ ಅವರದು. ಅಲ್ಲಿ ಹೋಗಿ 0-0. ಪರವಾಗಿಲ್ಲ ಎಂದರು ಜನ, ಅಷ್ಟೇ. ಸೆಮಿಫೈನಲಿನಲ್ಲಿ ಎದುರು ನಿಂತದ್ದು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಹಿಂದಿನ ವರ್ಷದ ಚಾಂಪಿಯನ್ನರು. ಅವರ ನೆಲದಲ್ಲಿ ಯೂಜೀನ್‌ಸನ್ ಲಿಂಗ್ಡೊ ಗೋಲಿನಿಂದ 1-1 ಮಾಡಿಕೊಂಡು ಬಂದರು.

ಅಕ್ಟೋಬರ್ 19ರ ಸಂಜೆ ಕಬ್ಬನ್ ಪಾರ್ಕ್ ಕಡೆಯಿಂದ, ಕಾರ್ಪೊರೇಷನ್ ಕಡೆಯಿಂದ ನೀಲಿ ಅಂಗಿಗಳು ಕಂಠೀರವಕ್ಕೆ ಹರಿದವು. 11ನೇ ನಿಮಿಷಕ್ಕೇ ಜೊಹೊರಿನ ಸಫೀಕ್ ರಹೀಮ್ ಗೋಲು ಹೊಡೆದರು. ಸ್ಟೇಡಿಯಂ ತಣ್ಣಗಾಯಿತು. ಅನುಮಾನದ ಪಂಗಡಕ್ಕೆ ನಾಲಿಗೆ ತುರಿಸಿತ್ತು ಅನ್ನಿ. 41ರಲ್ಲಿ ಛೆಟ್ರಿ ತಲೆಯಿಂದ ಒಂದು. 67ರಲ್ಲಿ ದೂರದಿಂದ ಮತ್ತೊಂದು, ಗೋಲ್‌ಕೀಪರ್ ಕೈಗೆ ಸಿಗದಂಥದು. 75ರಲ್ಲಿ ಸ್ಪೇನಿನ ಹುವಾನಾನ್ ತಲೆಯಿಂದ ಮೂರನೆಯದು. 3-1. ಭಾರತದ ಕ್ಲಬ್ಬೊಂದು ಎ.ಎಫ್.ಸಿ. ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು.

ಫೈನಲ್ ನವೆಂಬರ್ 5ರಂದು ಕತಾರಿನ ದೋಹಾದಲ್ಲಿ. ಎದುರಾಳಿ ಇರಾಕಿನ ವಾಯುಪಡೆಯ ಕ್ಲಬ್ಬು ಅಲ್ ಕುವಾ ಅಲ್ ಜಾವಿಯಾ. 71ನೇ ನಿಮಿಷದ ಹಮ್ಮಾದಿ ಅಹಮದ್ ಗೋಲಿಗೆ ಉತ್ತರ ಸಿಗಲಿಲ್ಲ. 0-1. ಸೋತು ಬಂದರೂ ಆ ಹೊತ್ತಿಗೆ "ಯಾರಪ್ಪಾ ಇವರು" ಎನ್ನುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಉಳಿದಿರಲಿಲ್ಲ ಅಂದರೆ, ಎರಡು ತಿಂಗಳ ಮಟ್ಟಿಗೆ. 2017ರ ಐ-ಲೀಗಿನಲ್ಲಿ ಚಾಂಪಿಯನ್ ತಂಡ ಗೆಲುವು ಕಾಣದೆ ಒದ್ದಾಡಿ ನಾಲ್ಕನೇ ಸ್ಥಾನಕ್ಕೆ ಜಾರಿತು. ಕಪ್ ಮಿಜೋರಾಮಿನ ಪುಟ್ಟ ತಂಡ ಐಜಾಲ್ ಪಾಲಾಯಿತು. ಹಳೇ ಪಂಗಡ ಮತ್ತೆ ಎದ್ದು ಕೂತಿತು: ವೆಸ್ಟ್‌ವುಡ್ ಇದ್ದಿದ್ದರೆ ಹೀಗಾಗುತ್ತಿತ್ತೇ? ಮೇ ತಿಂಗಳಲ್ಲಿ ಕಟಕ್‌ನಲ್ಲಿ ಛೆಟ್ರಿ ಇಲ್ಲದೆಯೂ ಬಗಾನನ್ನು 2-0ರಿಂದ ಸೋಲಿಸಿ ಫೆಡರೇಷನ್ ಕಪ್ ಗೆದ್ದಾಗ ಮತ್ತೆ ಸುಮ್ಮನಾಯಿತು. ಫುಟ್‌ಬಾಲ್ ಅಭಿಮಾನಿಯ ಅಭಿಪ್ರಾಯಕ್ಕೆ ಸೊಪ್ಪಿನ ಹಾಗೆ ಒಂದು ದಿನದ ಆಯಸ್ಸು. ಬೆಳಿಗ್ಗೆ ತಾಜಾ, ಸಂಜೆಗೆ ಬಾಡಿರುತ್ತದೆ.

ಆಮೇಲಿನ ವರ್ಷ ತಂಡ ಐ.ಎಸ್.ಎಲ್.ಗೆ ಸೇರಿತು. ಲೀಗಿನಲ್ಲಿ ಮೊದಲ ಸ್ಥಾನ, ಆದರೆ 2018ರ ಮಾರ್ಚ್ 17ರಂದು ಮನೆಯಂಗಳ ಕಂಠೀರವದಲ್ಲೇ ಚೆನ್ನೈಯಿನ್ ಎದುರು ಫೈನಲಿನಲ್ಲಿ 2-3 ಸೋಲು. ಏಪ್ರಿಲಿನಲ್ಲಿ ಭುವನೇಶ್ವರದ ಸೂಪರ್ ಕಪ್ ಫೈನಲಿನಲ್ಲಿ ಈಸ್ಟ್ ಬೆಂಗಾಲ್ ಮೇಲೆ 4-1. ಕಪ್ ಕೈಗಿಟ್ಟು ರೋಕಾ ಹೊರಟರು. ಹೋಗಬೇಡಿ ಎಂದು ಹಲುಬಿದವರಲ್ಲಿ ಎರಡೂ ಪಂಗಡದವರಿದ್ದರು!

ಸಹಾಯಕನಿಗೆ ಪಟ್ಟ

ಅವರ ಜಾಗಕ್ಕೆ ಬಂದವರು ಕಾರ್ಲೆಸ್ ಕ್ವಾದ್ರಾತ್, ರೋಕಾ ಅವರ ಸಹಾಯಕರು. ಸಹಾಯಕನ ಸಹಾಯಕ ಎಂದು ಆಡಿಕೊಂಡದ್ದಾಯಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಅದೇ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ತಂಡದ ಎದುರು 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಬಂದ ಗೋಲು ಬೆಂಗಳೂರಿಗೆ ಐ.ಎಸ್.ಎಲ್. ಕಪ್ ತಂದಿತು. ಅದೇ ಕ್ವಾದ್ರಾತ್ 2021ರ ಜನವರಿಯಲ್ಲಿ ಸಾಲು ಸೋಲುಗಳ ಬೆನ್ನಲ್ಲೇ ನಿರ್ಗಮಿಸಿದರು.

ಹೆಸರಿದ್ದವರು ಬಂದದ್ದೂ ಉಂಟು. 2022ರಲ್ಲಿ ಸೈಮನ್ ಗ್ರೇಸನ್ ನೇಮಕವಾದರು. ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್, ಪ್ರೆಸ್ಟನ್, ಹೀಗೆ ನಾಲ್ಕು ಇಂಗ್ಲಿಷ್ ಕ್ಲಬ್ಬುಗಳನ್ನು ಮೂರನೇ ದರ್ಜೆಯಿಂದ ಎರಡನೆಯದಕ್ಕೆ ಏರಿಸಿದ ಖ್ಯಾತಿ. ಜಾತಕ ನೋಡಿಯೇ ಹೆಣ್ಣು ಕೊಡುವವರಿಗೆ ಇನ್ನೇನು ಬೇಕು? ಆ ಸೆಪ್ಟೆಂಬರಿನಲ್ಲೇ ಡುರಾಂಡ್ ಕಪ್ ಬಂತು. ಲೀಗಿನಲ್ಲಿ ಮುಗ್ಗರಿಸಿ, ಕೊನೆಗೆ ಸತತ ಎಂಟು ಪಂದ್ಯ ಗೆದ್ದು, ಫೈನಲ್ ತಲುಪಿ, ಪೆನಾಲ್ಟಿಯಲ್ಲಿ ಸೋತರು. 2023ರ ಡಿಸೆಂಬರಿನಲ್ಲಿ ಅವರನ್ನೂ ಕಳಿಸಿದ್ದಾಯಿತು. ಅಂದರೆ ಹೆಸರು ಗೊತ್ತಿದ್ದವರು ಕೊಟ್ಟದ್ದಕ್ಕಿಂತ ಹೆಸರು ಗೊತ್ತಿಲ್ಲದವರು ಈ ಊರಿಗೆ ಕೊಟ್ಟದ್ದೇ ಹೆಚ್ಚು. ಕಪ್ಪುಗಳ ಲೆಕ್ಕದಲ್ಲಿ ಅನುಮಾನದ ಪಂಗಡ ಸೋತಿದೆ, ಅನುಮಾನವೇ ಬೇಡ.

ಹಲಸೂರಿನ ಪ್ರಶ್ನೆ?

ಅದು ಅಷ್ಟು ಸಲೀಸಾಗಿ ತೀರಿಲ್ಲ. ಒಂದು ಉದಾಹರಣೆ ನೋಡಿ. 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡಕ್ಕೆ ಕೋಚ್ ನಮ್ಮವರೇ ಆದ ರವಿಬಾಬು ರಾಜು. ಸ್ಪೇನಿನ ಸಹಾಯಕರ ಜಾತಕವನ್ನೆಲ್ಲ ಬಾಯಿಪಾಠ ಮಾಡಿದ ಗ್ಯಾಲರಿಯಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು, ಮುಂದಿನ ಪಂದ್ಯಕ್ಕೆ ಹೋದಾಗ ಪಕ್ಕದವರನ್ನು ಕೇಳಿ ನೋಡಿ.

ಗ್ರೇಸನ್ ಜಾಗಕ್ಕೆ 2023ರ ಡಿಸೆಂಬರಿನಲ್ಲಿ ಮತ್ತೊಬ್ಬ ಸ್ಪೇನಿನವರು, ಗೆರಾರ್ಡ್ ಜರಗೋಜಾ. ಮತ್ತೆ ಅದೇ ಪ್ರಶ್ನೆ, ಮತ್ತೆ ಎರಡು ಪಂಗಡ. ಈ ಸಲ ಅನುಮಾನದವರಿಗೆ ಆರಂಭದಲ್ಲಿ ಪುಷ್ಟಿಯೂ ಸಿಕ್ಕಿತು. ಆ ಋತು ಮುಗಿದಾಗ ತಂಡ ಹನ್ನೆರಡರಲ್ಲಿ ಹತ್ತನೆಯದು. ಅಷ್ಟು ಕೆಳಕ್ಕೆ ಕ್ಲಬ್ಬು ಎಂದೂ ಇಳಿದಿರಲಿಲ್ಲ.

ಬೇಸಿಗೆ ಕಳೆದು 2024ರ ಸೆಪ್ಟೆಂಬರ್ 14. ಹೊಸ ಋತುವಿನ ತಂಡದ ಮೊದಲ ಪಂದ್ಯ, ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು. ಜರಗೋಜಾ ಹನ್ನೊಂದರ ಪಟ್ಟಿಯಲ್ಲಿ ಒಂದು ಎಳೆಯ ಹೆಸರು ಹಾಕಿದ್ದರು. ವಿನೀತ್ ವೆಂಕಟೇಶ್, 19 ವರ್ಷ, ಬೆಂಗಳೂರಿನ ಹುಡುಗ, ಐ.ಎಸ್.ಎಲ್.ನಲ್ಲಿ ಅದೇ ಮೊದಲ ಆಟ. 25ನೇ ನಿಮಿಷದಲ್ಲಿ ಚೆಂಡು ಬಲೆಯೊಳಗೆ. 1-0, ಪಂದ್ಯದ ಏಕೈಕ ಗೋಲು. ಆ ವರ್ಷ ತಂಡ ಮೂರನೇ ಸ್ಥಾನಕ್ಕೆ ಏರಿ, ನಾಕೌಟಿನಲ್ಲಿ ಮುಂಬೈಯನ್ನು 5-0ರಿಂದ ಉರುಳಿಸಿ ಫೈನಲಿಗೆ ಹೋಯಿತು. 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ 1-2 ಸೋಲು.

ಸೋತದ್ದಕ್ಕೆ ಕೋಚನ್ನು ಬೈದವರೂ ಇದ್ದರು, ಹೊಗಳಿದವರೂ ಇದ್ದರು. ಆದರೆ ಕಂಠೀರವದಲ್ಲಿ ಊರಿನ ಹುಡುಗ ಗೋಲು ಹೊಡೆದ ಆ ಸೆಪ್ಟೆಂಬರಿನ ಸಂಜೆ, ಅವನನ್ನು ಆಡಿಸಿದವರು ಯಾರು ಎಂದು ಗ್ಯಾಲರಿಯಲ್ಲಿ ಒಬ್ಬರೂ ಯಾರನ್ನೂ ಕೇಳಬೇಕಾಗಿರಲಿಲ್ಲ.